ಸಾನೆಟ್ಟಿಗೆ ಲ್ಯೂಟಿನ ಒಗ್ಗರಣೆ ಯಾಕೆ?

ಈ ಬಾರಿ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇವೆ. ಜಗಳ ಆಮೇಲೆ.

ಕಳೆದ ವರ್ಷ ನಮ್ಮ ದೊಡ್ಡ ತರಗತಿಯ ಮಕ್ಕಳಿಗೆ ಷೇಕ್ಸ್‌ಪಿಯರನ ಒಂದು ಸಾನೆಟ್ ಪರಿಚಯಿಸಬೇಕೆಂದು ಹೊರಟೆವು. ಕನ್ನಡ ಮಾಧ್ಯಮದ ಮಕ್ಕಳು. ಇಂಗ್ಲಿಷ್ ಪದ್ಯ ಎಂದ ಕೂಡಲೇ ಅರ್ಧ ತರಗತಿಯ ಮುಖ ಬಾಡುತ್ತದೆ. ಹೇಗಾದರೂ ಆಕರ್ಷಣೆ ಹುಟ್ಟಿಸೋಣ ಎಂದು ನಮಗೊಂದು ಉಪಾಯ ಹೊಳೆಯಿತು. ಹಳೆಯ ಪ್ರೇಮ ಸಾನೆಟ್‌ಗಳನ್ನು ಓದಿ, ಹಿನ್ನೆಲೆಗೆ ರೆನೆಸಾನ್ಸ್ ಕಾಲದ ಲ್ಯೂಟ್ ವಾದನ ಸೇರಿಸಿದ ಧ್ವನಿಮುದ್ರಿಕೆಗಳು ಬರುತ್ತವಲ್ಲ, ಅಂಥದ್ದೊಂದನ್ನು ತರಗತಿಯಲ್ಲಿ ಹಾಕಿದೆವು. ಗಂಭೀರವಾದ ಗಂಡುದನಿ. ಅದರ ಕೆಳಗೆ ಟಿಣ್ ಟಿಣ್ ಎಂದು ಇಳಿದು ಬರುವ ತಂತಿನಾದ. ಮಕ್ಕಳು ಉಸಿರು ಬಿಗಿಹಿಡಿದು ಕೂತರು. ನಾವೋ, ಗೆದ್ದೆವು ಎಂದುಕೊಂಡೆವು.

"ಹೇಗಿತ್ತು?"

"ಭಾರೀ ಚಂದ ಇತ್ತು ಟೀಚರ್!"

"ಕವಿ ಏನು ಹೇಳಿದ?"

ಉತ್ತರವಿಲ್ಲ. ಒಬ್ಬ ಹುಡುಗ ಮಾತ್ರ "ಲವ್ ಟೀಚರ್" ಎಂದ. ಎಲ್ಲರೂ ನಕ್ಕರು. ಕೊನೆಯ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಇದು ಯಾರಿಗೆ ಬರೆದದ್ದು ಟೀಚರ್?"

ನಾವು ಹಿಂದುಮುಂದು ನೋಡದೆ "ಅವನ ಪ್ರೇಯಸಿಗೆ" ಎಂದುಬಿಟ್ಟೆವು. ಗಂಟೆ ಹೊಡೆಯಿತು. ಬದುಕಿದೆವು.

ಆ ಉತ್ತರ ಸರಿಯಲ್ಲ. ಅದು ನಮಗೂ ಗೊತ್ತಿತ್ತು. ನಾವು ಓದಿಸಿದ್ದು 18ನೆಯ ಸಾನೆಟ್. ಆ ಪದ್ಯದೊಳಗೆ 'ನೀನು' ಗಂಡೋ ಹೆಣ್ಣೋ ಎಂಬ ಸುಳಿವಿಲ್ಲ. ಆದರೆ 154 ಸಾನೆಟ್‌ಗಳ ಆ ಪುಸ್ತಕದಲ್ಲಿ ಮೊದಲ 126 ಒಬ್ಬ ತರುಣನನ್ನು ಕುರಿತವು ಎಂದೇ ವಿದ್ವಾಂಸರು ಸಾಮಾನ್ಯವಾಗಿ ಓದುತ್ತಾರೆ. 18 ಅದೇ ಗುಂಪಿನದು. ಇಷ್ಟು ಗೊತ್ತಿದ್ದೂ ಆ ಹೊತ್ತಿನಲ್ಲಿ ನಾಲಗೆಯಿಂದ ಬಂದದ್ದು ಧ್ವನಿಮುದ್ರಿಕೆ ಹೇಳಿಕೊಟ್ಟ ಉತ್ತರ. ಲ್ಯೂಟ್, ಗುಲಾಬಿ, ಮೊಂಬತ್ತಿ, ಪ್ರೇಯಸಿ... ಎಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದರು. ನಾವು ಪೊಟ್ಟಣ ಬಿಚ್ಚದೆಯೇ ಮಕ್ಕಳ ಕೈಗಿಟ್ಟೆವು.

ಅಂದಿನಿಂದ ಈ ವಿಷಯ ನಮ್ಮನ್ನು ಕೊರೆಯುತ್ತಿದೆ. ಈಗ ಖಂಡಿತವಾಗಿ ಹೇಳುತ್ತೇವೆ: ಸಾನೆಟ್ಟನ್ನು ಓದುವಾಗ ಅದರ ಕೆಳಗೆ ಲ್ಯೂಟ್ ನುಡಿಸುವುದು ತಪ್ಪು. ಅದರಿಂದ ಕವಿತೆ ಕೆಡುತ್ತದೆ, ಸಂಗೀತ ಕೆಡುತ್ತದೆ, ಚರಿತ್ರೆಯೂ ಕೆಡುತ್ತದೆ. ಹಾಡುವುದಾದರೆ ಹಾಡಿ. ಓದುವುದಾದರೆ ಬರೀ ದನಿಯಲ್ಲಿ ಓದಿ. ನುಡಿಸುವುದಾದರೆ ಪೂರ್ತಿ ನುಡಿಸಿ. ಮೂರನ್ನೂ ಕಲಸಿ ಉಂಡೆ ಕಟ್ಟಬೇಡಿ.

"ಇದೆಂತ ದೊಡ್ಡ ವಿಷಯ ಮಾರಾಯರೇ, ಕೇಳಲಿಕ್ಕೆ ಇಂಪಾಗಿದ್ದರೆ ಸಾಲದೇ?" ಎನ್ನುವವರು ಇದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ! ಅವರಿಗಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಸಾನೆಟ್ ಎಂದರೇನು ಎಂದು ನೋಡೋಣ. ಇಟಾಲಿಯನ್ನಿನ 'ಸೊನೆಟ್ಟೋ' ಎಂಬ ಮಾತಿಗೆ ಸಣ್ಣ ನಾದ, ಪುಟ್ಟ ಹಾಡು ಎಂಬ ಅರ್ಥವಿದೆ. ಈ ಹೆಸರು ಹಿಡಿದುಕೊಂಡೇ ಎಷ್ಟೋ ಜನ "ನೋಡಿ, ಹಾಡು ಎಂದು ಹೆಸರಲ್ಲೇ ಇದೆ" ಎಂದು ವಾದಿಸುತ್ತಾರೆ. ಆದರೆ ಅದನ್ನು ಹುಟ್ಟಿಸಿದವನು ಯಾರು? 13ನೆಯ ಶತಮಾನದಲ್ಲಿ ಸಿಸಿಲಿಯ ದೊರೆ ಎರಡನೇ ಫ್ರೆಡರಿಕನ ಆಸ್ಥಾನದಲ್ಲಿದ್ದ ಜಾಕೊಮೊ ದಾ ಲೆಂಟೀನಿ ಎಂದು ಹೇಳುತ್ತಾರೆ. ಅವನ ವೃತ್ತಿ ಹಾಡುಗಾರಿಕೆಯಲ್ಲ. ಅವನೊಬ್ಬ ನೋಟರಿ! ಕರಾರುಪತ್ರ, ದಸ್ತಾವೇಜು ಬರೆಯುವವನು. ಸಾನೆಟ್ಟಿನ ಮೈಕಟ್ಟು ನೋಡಿದರೆ ಇದು ಆಶ್ಚರ್ಯವಲ್ಲ. ಮೊದಲ ಎಂಟು ಸಾಲಿನಲ್ಲಿ ವಿಷಯ ಮಂಡನೆ. ಅಲ್ಲಿಂದ ಒಂದು ತಿರುವು. ಉಳಿದ ಆರು ಸಾಲಿನಲ್ಲಿ ಉತ್ತರ. ಅಂದರೆ ಹದಿನಾಲ್ಕು ಸಾಲಿನ ಒಂದು ವಾದ. ಇಂಗ್ಲಿಷಿಗೆ ಬಂದ ಮೇಲೆ, ಷೇಕ್ಸ್‌ಪಿಯರ್ ಬಳಸಿದ ರೂಪದಲ್ಲಿ, ನಾಲ್ಕು ಸಾಲಿನ ಮೂರು ತುಂಡು, ಕೊನೆಗೆ ಎರಡು ಸಾಲಿನ ತೀರ್ಮಾನ. ಮನಸ್ಸು ಒಂದು ಮಾತನ್ನು ಹಿಡಿದು, ತಿರುಗಿಸಿ, ಪ್ರಶ್ನಿಸಿ, ಕೊನೆಗೆ ಎಲ್ಲೋ ಬಂದು ನಿಲ್ಲುತ್ತದೆ. ಸಾನೆಟ್ಟಿನ ಸುಖವೆಲ್ಲ ಆ ತಿರುವಿನಲ್ಲಿದೆ.

ಇನ್ನು ಲ್ಯೂಟ್. ಅರಬರ 'ಊದ್' ಎಂಬ ವಾದ್ಯದಿಂದ ಬಂದದ್ದು, ಹೆಸರೂ ಅಲ್ಲಿಂದಲೇ. ತೆಳ್ಳನೆಯ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿದ, ಸೀಳಿದ ಪೇರಳೆ ಹಣ್ಣಿನಂಥ ಹೊಟ್ಟೆ. ಹಿಂದಕ್ಕೆ ಮುರಿದಂತೆ ಬಾಗಿದ ತಲೆ. ಪ್ರಾಣಿಯ ಕರುಳಿನಿಂದ ಮಾಡಿದ ತಂತಿಗಳು. ಅವುಗಳಲ್ಲಿ ಹೆಚ್ಚಿನವು ಜೋಡಿ ಜೋಡಿಯಾಗಿರುತ್ತವೆ. ರೆನೆಸಾನ್ಸ್ ಲ್ಯೂಟಿಗೆ ಇಂಥ ಆರು ಸಾಲು, ಆಮೇಲಾಮೇಲೆ ಏಳು, ಎಂಟು, ಹತ್ತರವರೆಗೂ ಬೆಳೆದವು. ಬೆರಳ ತುದಿಯಿಂದ ಮೀಟಿ ನುಡಿಸುವುದು. ಬಹಳ ಮೆಲುದನಿಯ ವಾದ್ಯ. ಮೀಟಿದ ಸ್ವರ ಕ್ಷಣದಲ್ಲಿ ಕರಗಿ ಹೋಗುತ್ತದೆ. ಆ ಕರಗುವಿಕೆಯನ್ನು ಕೇಳಲಿಕ್ಕೆ ಕೋಣೆ ನಿಶ್ಶಬ್ದವಾಗಿರಬೇಕು. ಯಾರೋ ಮಾತಾಡುತ್ತಿದ್ದರೆ ಲ್ಯೂಟಿನ ಅರ್ಧ ಸಂಗೀತ ಅಲ್ಲೇ ಮುಳುಗಿತು. ಅದರಲ್ಲೂ ಗಂಡುದನಿಯ ಮಾತು ಓಡಾಡುವ ಶ್ರುತಿಯ ಮಟ್ಟದಲ್ಲೇ ಲ್ಯೂಟಿನ ಕೆಳಗಿನ ತಂತಿಗಳೂ ಓಡಾಡುತ್ತವೆ. ಒಂದೇ ಓಣಿಯಲ್ಲಿ ಎರಡು ಎತ್ತಿನ ಗಾಡಿ ಎದುರುಬದುರು ಬಂದ ಹಾಗೆ.

ಹಾಗಾದರೆ ಸಾನೆಟ್ಟಿಗೂ ಲ್ಯೂಟಿಗೂ ಸಂಬಂಧವೇ ಇರಲಿಲ್ಲವೇ? ಇತ್ತು. ನಾವು ಅದನ್ನು ಮುಚ್ಚಿಡುವುದಿಲ್ಲ. ಪ್ರೇಮ ಸಾನೆಟ್ಟಿನ ಮಹಾಗುರು ಪೆಟ್ರಾರ್ಕನ ಬಳಿ ಲ್ಯೂಟ್ ಇತ್ತು. 1370ರಲ್ಲಿ ಬರೆಸಿದ ಉಯಿಲಿನಲ್ಲಿ ಅದನ್ನು ಒಬ್ಬ ಗೆಳೆಯನಿಗೆ ಬಿಟ್ಟುಕೊಟ್ಟಿದ್ದಾನೆ. 1505ರಲ್ಲಿ ವೆನಿಸ್ಸಿನ ಮುದ್ರಕ ಪೆಟ್ರೂಚಿ ಅಚ್ಚು ಹಾಕಿದ ಒಂದು ಹಾಡಿನ ಪುಸ್ತಕದಲ್ಲಿ ಒಂದು ಮಟ್ಟು ಇದೆ. ಅದರ ಕೆಳಗೆ ಸಾಹಿತ್ಯವಿಲ್ಲ. 'ಸಾನೆಟ್ ಹಾಡುವ ರೀತಿ' ಎಂದಷ್ಟೇ ತಲೆಬರಹ. ನಿಮಗೆ ಇಷ್ಟವಾದ ಯಾವುದೇ ಸಾನೆಟ್ಟನ್ನು ತಂದು ಅದಕ್ಕೆ ಹೊಂದಿಸಿಕೊಳ್ಳಬಹುದು! 1552ರಲ್ಲಿ ಫ್ರಾನ್ಸಿನ ರೊನ್ಸಾರ್ ತನ್ನ ಪ್ರೇಮಕವಿತೆಗಳ ಪುಸ್ತಕಕ್ಕೆ ಸಂಗೀತದ ಅನುಬಂಧವನ್ನೇ ಹಚ್ಚಿದ. ಯಾವ ಸಾನೆಟ್ಟನ್ನು ಯಾವ ಮಟ್ಟಿಗೆ ಹಾಡಬಹುದು ಎಂಬ ಪಟ್ಟಿಯೂ ಅದರಲ್ಲಿತ್ತು. ಯಕ್ಷಗಾನ ಪ್ರಸಂಗದಲ್ಲಿ ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. 1559ರಲ್ಲಿ ವೆನಿಸ್ಸಿನ ವಿಲಾರ್ಟ್ ಎಂಬ ಸಂಗೀತಗಾರ ಪೆಟ್ರಾರ್ಕನ ಸಾನೆಟ್‌ಗಳಿಗೆ ಸಂಗೀತ ಹಾಕಿ ಪ್ರಕಟಿಸಿದ. ಪ್ರತಿಯೊಂದನ್ನೂ ಎರಡು ಭಾಗ ಮಾಡಿದ: ಎಂಟು ಸಾಲು ಮೊದಲ ಭಾಗ, ಆರು ಸಾಲು ಎರಡನೇ ಭಾಗ. ಕವಿತೆ ಎಲ್ಲಿ ತಿರುಗುತ್ತದೋ ಅಲ್ಲೇ ಸಂಗೀತವೂ ನಿಂತು ತಿರುಗಬೇಕು ಎಂಬ ಎಚ್ಚರ ನೋಡಿ!

ಇವೆಲ್ಲ ಹಾಡಿದ್ದು. ಓದಿದ್ದಲ್ಲ. ಪದಕ್ಕೂ ಸ್ವರಕ್ಕೂ ಮದುವೆ ಮಾಡಿಸಿದ್ದು. ಈಗಿನ ಧ್ವನಿಮುದ್ರಿಕೆಯವರು ಮಾಡುತ್ತಿರುವುದು ಮದುವೆಯಲ್ಲ. ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರನ್ನು ಗಂಡಹೆಂಡಿರು ಎಂದು ಪರಿಚಯಿಸುತ್ತಿದ್ದಾರೆ ಅಷ್ಟೆ.

ಇಂಗ್ಲೆಂಡಿನ ಕತೆಯೇ ಬೇರೆ. ಅಲ್ಲಿ ಲ್ಯೂಟ್ ಹಾಡಿನ ಭರಾಟೆ ಶುರುವಾದದ್ದು 1597ರಲ್ಲಿ, ಜಾನ್ ಡೌಲೆಂಡ್ ತನ್ನ ಮೊದಲ ಹಾಡಿನ ಪುಸ್ತಕ ಪ್ರಕಟಿಸಿದಾಗ. ಮನೆಮಂದಿ ಮೇಜಿನ ಸುತ್ತ ಕೂತು ಒಂದೇ ಪುಸ್ತಕ ನೋಡಿ ಹಾಡಲಿಕ್ಕಾಗುವಂತೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಅಚ್ಚು ಹಾಕಿದ ಪುಟಗಳು. ಎಷ್ಟು ಪ್ರೀತಿಯ ಕೆಲಸ! ಆದರೆ ಆ ಹಾಡುಗಳು ಹೆಚ್ಚಿನಂಶ ಸಾನೆಟ್‌ಗಳಲ್ಲ. ಯಾಕೆ? ಕಾರಣ ಸರಳ. ಆ ಹಾಡುಗಳಲ್ಲಿ ಬಹುಪಾಲು ಚರಣಗಳ ಹಾಡು. ಮೊದಲ ಚರಣಕ್ಕೆ ಹಾಕಿದ ಮಟ್ಟೇ ಎರಡನೆಯದಕ್ಕೂ ಮೂರನೆಯದಕ್ಕೂ ಮರಳಿ ಬರುತ್ತದೆ. ಸಾನೆಟ್ಟಿನಲ್ಲಿ ಮರಳಿ ಬರುವ ಚರಣವೆಲ್ಲಿದೆ? ಪಲ್ಲವಿಯೆಲ್ಲಿದೆ? ಅದು ಮುಂದಕ್ಕೇ ಹೋಗುವ ಮಾತು. ಹಿಂದಿರುಗಿ ನೋಡಿದರೆ ವಾದ ತಪ್ಪುತ್ತದೆ. ಹಾಗಾಗಿ ಕವಿಗಳೇ ಎರಡನ್ನೂ ಬೇರೆ ಇಟ್ಟಿದ್ದರು. ಇಂಗ್ಲಿಷಿಗೆ ಸಾನೆಟ್ ತಂದ ವಯಟ್, ಲ್ಯೂಟನ್ನೇ ಕರೆದು ಮಾತಾಡಿಸುವ ಹೆಸರಾಂತ ಪದ್ಯ ಬರೆದಿದ್ದಾನೆ. ಅದು ಸಾನೆಟ್ ಅಲ್ಲ, ಚರಣಗಳ ಹಾಡು. ಸಿಡ್ನಿಯ ಪ್ರೇಮಮಾಲೆಯಲ್ಲಿ 108 ಸಾನೆಟ್‌ಗಳು, 11 ಹಾಡುಗಳು. ಕವಿಗೆ ವ್ಯತ್ಯಾಸ ಗೊತ್ತಿತ್ತು. ಅದಕ್ಕೇ ಹಾಡು ಎಂದು ಬೇರೆ ಹೆಸರು ಕೊಟ್ಟು ಬರೆದ.

ಷೇಕ್ಸ್‌ಪಿಯರನ ಸಾನೆಟ್‌ಗಳು ಪುಸ್ತಕವಾಗಿ ಬಂದದ್ದು 1609ರಲ್ಲಿ. ಅದಕ್ಕೆ ಮೊದಲು ಆಪ್ತರ ನಡುವೆ ಕೈಬರಹದಲ್ಲಿ ಓಡಾಡುತ್ತಿದ್ದವು ಎಂದು 1598ರಲ್ಲಿ ಫ್ರಾನ್ಸಿಸ್ ಮೀರ್ಸ್ ಬರೆದಿದ್ದಾನೆ. ಅಂದರೆ ಕೈಯಿಂದ ಕೈಗೆ ಹೋದ ಹಾಳೆಗಳು. ಅವನ ಕಾಲದಲ್ಲಿ ಅಚ್ಚಾದ ಲ್ಯೂಟ್ ಹಾಡಿನ ಪುಸ್ತಕಗಳಲ್ಲಿ ಆ 154ರಲ್ಲಿ ಒಂದೂ ಇಲ್ಲ. ಅವನು ಸತ್ತ ಮೇಲೆ, 17ನೆಯ ಶತಮಾನದಲ್ಲೇ, ಹೆನ್ರಿ ಲಾಸ್ ಎಂಬ ಸಂಗೀತಗಾರ 116ನೆಯ ಸಾನೆಟ್ಟನ್ನು ಹಾಡು ಮಾಡಿದ. ಅದಕ್ಕಾಗಿ ಏನಾಯಿತು ಗೊತ್ತೇ? ಮಾತುಗಳನ್ನು ಬದಲಿಸಿ, ಸಾಲುಗಳನ್ನು ಸೇರಿಸಿ, ಆರಾರು ಸಾಲಿನ ಮೂರು ಚರಣ ಮಾಡಬೇಕಾಯಿತು! ಸಾನೆಟ್ಟನ್ನು ಮುರಿದ ಮೇಲೆಯೇ ಅದು ಹಾಡಾಯಿತು. ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೊಂದು ತಮಾಷೆ ಕೇಳಿ. ಷೇಕ್ಸ್‌ಪಿಯರನ ಸಾನೆಟ್‌ಗಳಲ್ಲಿ ಪ್ರೇಯಸಿ ವಾದ್ಯ ನುಡಿಸುವ ಒಂದು ದೃಶ್ಯ ಇದೆ, 128ನೆಯದರಲ್ಲಿ. ಅಲ್ಲಿ ಅವಳು ನುಡಿಸುವುದು ಲ್ಯೂಟ್ ಅಲ್ಲ, ಮರದ ಕೀಲಿಮಣೆಯ ವಾದ್ಯ. ಅವಳ ಬೆರಳನ್ನು ಮುಟ್ಟುವ ಆ ಮರದ ತುಂಡುಗಳ ಮೇಲೆ ಕವಿಗೆ ಹೊಟ್ಟೆಕಿಚ್ಚು. ಅದರ ಹಿಂದೆಯೂ ಲ್ಯೂಟ್ ನುಡಿಸಿದ ಧ್ವನಿಮುದ್ರಿಕೆ ಕೇಳಿದ್ದೇವೆ! ಹಾರ್ಮೋನಿಯಂ ಬಗ್ಗೆ ಪದ್ಯ ಓದುತ್ತಾ ಪಿಟೀಲು ಬಾರಿಸಿದ ಹಾಗಾಯಿತು. ನುಡಿಸಿದವರು ಪದ್ಯ ಓದಿಲ್ಲ ಎಂದೇ ಅರ್ಥವಲ್ಲವೇ?

ಡೌಲೆಂಡನ ಲ್ಯೂಟನ್ನು ಹೊಗಳಿ, ಸಂಗೀತ ಮತ್ತು ಕಾವ್ಯವನ್ನು ಒಡಹುಟ್ಟಿದವರೆಂದು ಕರೆದ ಒಂದು ಸಾನೆಟ್ ಇದೆ. "ನೋಡಿ, ಷೇಕ್ಸ್‌ಪಿಯರನೇ ಹೇಳಿದ್ದಾನೆ" ಎಂದು ಅದನ್ನು ಉದಾಹರಿಸುವವರಿದ್ದಾರೆ. ಅದು ಅವನದ್ದಲ್ಲ. ರಿಚರ್ಡ್ ಬಾರ್ನ್‌ಫೀಲ್ಡ್ 1598ರಲ್ಲಿ ತನ್ನ ಪುಸ್ತಕದಲ್ಲಿ ಪ್ರಕಟಿಸಿದ್ದು. ಮರುವರ್ಷ ವಿಲಿಯಂ ಜಗರ್ಡ್ ಎಂಬ ಪ್ರಕಾಶಕ ಅದನ್ನೂ ಬೇರೆಯವರ ಇನ್ನಷ್ಟು ಪದ್ಯಗಳನ್ನೂ ಸೇರಿಸಿ, ಮುಖಪುಟದ ಮೇಲೆ ಷೇಕ್ಸ್‌ಪಿಯರನ ಹೆಸರು ಹಾಕಿ ಮಾರಿದ. ಹೆಸರಿನ ಬಲದಿಂದ ಸರಕು ಮಾರುವುದು ಇಂದಿನದ್ದಲ್ಲ. ನಾನ್ನೂರು ವರ್ಷದ ಹಿಂದೆಯೇ ಇದೇ ವ್ಯಾಪಾರ ನಡೆದಿತ್ತು.

ಈಗ ಕಿವಿಯ ವಿಷಯಕ್ಕೆ ಬರೋಣ. ಒಂದು ಸಾನೆಟ್ ಓದಲಿಕ್ಕೆ ಬೇಕಾದ ಸಮಯ ಹೆಚ್ಚೆಂದರೆ ಒಂದು ನಿಮಿಷ. ಲ್ಯೂಟಿನ ಒಂದು 'ಪವಾನ್' (ಎರಡೆಣಿಕೆಯ, ನಿಧಾನ ಹೆಜ್ಜೆಯ ನೃತ್ಯಸಂಗೀತ) ಮುಗಿಯಲಿಕ್ಕೆ ನಾಲ್ಕೈದು ನಿಮಿಷ ಬೇಕು. ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗ. ಒಂದೊಂದು ಭಾಗವನ್ನೂ ಒಮ್ಮೆ ಸರಳವಾಗಿ, ಮತ್ತೊಮ್ಮೆ ಅಲಂಕರಿಸಿ ನುಡಿಸುವ ಪದ್ಧತಿ. ಬೇಗ ಕರಗುವ ಸ್ವರವನ್ನು ಸಣ್ಣ ಸಣ್ಣ ಸ್ವರಗಳಾಗಿ ಒಡೆದು ತುಂಬುವುದರಲ್ಲೇ ವಾದಕನ ಜಾಣ್ಮೆ. ಧ್ವನಿಮುದ್ರಿಕೆಯವರು ಏನು ಮಾಡುತ್ತಾರೆ? ಪದ್ಯ ಮುಗಿದ ಕೂಡಲೇ ಸಂಗೀತವನ್ನು ಮೆಲ್ಲಗೆ ಇಳಿಸಿ ಕತ್ತು ಹಿಸುಕುತ್ತಾರೆ. ಇಲ್ಲವೇ ಒಂದೇ ಪವಾನಿನ ಮೇಲೆ ನಾಲ್ಕು ಸಾನೆಟ್ ಸುರಿಯುತ್ತಾರೆ. ಸಿಟ್ಟಿನ ಪದ್ಯಕ್ಕೂ ಅದೇ, ಸಾವಿನ ಪದ್ಯಕ್ಕೂ ಅದೇ, ಅಣಕದ ಪದ್ಯಕ್ಕೂ ಅದೇ. ಮೂರೆಣಿಕೆಯ 'ಗ್ಯಾಲಿಯರ್ಡ್' ಕುಣಿತದ ಮೇಲೆ ಐದು ಘಾತಗಳ ಸಾಲನ್ನು ಓದಿದರೆ ಯಾವ ತಾಳ ಹಿಡಿಯಬೇಕು? ಓದುವವನು ತನಗೆ ಅರಿವಿಲ್ಲದೆಯೇ ಸಂಗೀತಕ್ಕೆ ಜೋತು ಬೀಳುತ್ತಾನೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ತಿರುವು ಬಂದದ್ದು ಕೇಳುವವರಿಗೆ ತಿಳಿಯುವುದೇ ಇಲ್ಲ. ನಮ್ಮ ಮಕ್ಕಳಿಗೆ 'ಲವ್' ಎಂಬ ಒಂದು ಶಬ್ದ ಬಿಟ್ಟರೆ ಏನೂ ಸಿಗದೆ ಹೋದದ್ದು ಇದರಿಂದಲೇ. ಅವರ ದಡ್ಡತನದಿಂದಲ್ಲ. ಅವರ ಇಂಗ್ಲಿಷಿನ ಕೊರತೆಯಿಂದಲೂ ಅಲ್ಲ.

ಡೌಲೆಂಡನಿಗಾದರೂ ನ್ಯಾಯ ಸಿಗುತ್ತದೆಯೇ? ಅವನ 'ಲ್ಯಾಕ್ರಿಮೆ', ಅಂದರೆ ಕಣ್ಣೀರು ಎಂಬ ಪವಾನ್ ಯುರೋಪಿನಲ್ಲೆಲ್ಲ ಹೆಸರು ಮಾಡಿತ್ತು. ಮೊದಲು ಅದು ಬರೀ ಲ್ಯೂಟಿನ ಕೃತಿ. 1600ರ ಎರಡನೇ ಪುಸ್ತಕದಲ್ಲಿ ಅದಕ್ಕೆ ಮಾತು ಸೇರಿ ಹಾಡಾಯಿತು. ಆ ಮಾತುಗಳು ಸಂಗೀತದ ಏರಿಳಿತಕ್ಕೆ ಹೊಂದಿಕೊಂಡೇ ಹೆಜ್ಜೆ ಹಾಕುತ್ತವೆ. 1604ರಲ್ಲಿ ಅದನ್ನೇ ಬೆಳೆಸಿ ಏಳು ಪವಾನ್‌ಗಳ ಮಾಲೆ ಮಾಡಿದ. ಒಂದು ನೋವನ್ನು ಇಷ್ಟು ವರ್ಷ ಮಸೆದು ಮಸೆದು ನೋಡಿದವನ ಸಂಗೀತವನ್ನು, ಇನ್ನಾರದೋ ಮಾತಿನ ಕೆಳಗೆ ಹಾಸುವ ಚಾಪೆ ಮಾಡುವುದೇ?

ಇದಕ್ಕಿಂತ ದೊಡ್ಡ ತಕರಾರು ಆಯ್ಕೆಯದ್ದು. ಲ್ಯೂಟ್ ಹಿಂದೆ ಬಂದ ಕೂಡಲೇ 'ಮಧುರ'ವಾದದ್ದು ಮಾತ್ರ ಬೇಕಾಗುತ್ತದೆ. ನಾವು ಕೇಳಿದ ಮೂರು ಧ್ವನಿಮುದ್ರಿಕೆಗಳಲ್ಲೂ 18 ಇದೆ, 116 ಇದೆ. ಕಾಮದ ಬಗ್ಗೆ ಅಸಹ್ಯಪಟ್ಟು ಬರೆದ 129 ಇಲ್ಲ. ಹೆಣ್ಣಿನ ಅತಿ ವರ್ಣನೆಯನ್ನು ಗೇಲಿ ಮಾಡುವ 130 ಒಂದರಲ್ಲಿದೆ, ಅದನ್ನೂ ನಗು ಬಾರದ ಹಾಗೆ ಓದಿದ್ದಾರೆ. ಪೆಟ್ರಾರ್ಕನ ಲಾರಾ ಎಂದರೆ ಚೆಲುವೆ ಎಂದಷ್ಟೇ ಪರಿಚಯ. 1327ರ ಏಪ್ರಿಲ್ 6ರಂದು ಅವಿನ್ಯೋನಿನ ಚರ್ಚಿನಲ್ಲಿ ಅವಳನ್ನು ಮೊದಲು ಕಂಡದ್ದನ್ನೂ, ಪ್ಲೇಗಿನ ವರ್ಷ 1348ರಲ್ಲಿ ಅದೇ ಏಪ್ರಿಲ್ 6ರಂದು ಅವಳು ತೀರಿಕೊಂಡದ್ದನ್ನೂ ಅವನು ತನ್ನ ವರ್ಜಿಲ್ ಪ್ರತಿಯಲ್ಲಿ ಬರೆದಿಟ್ಟುಕೊಂಡ. ಅವನ ಸಂಗ್ರಹದ 366 ಕವಿತೆಗಳಲ್ಲಿ 317 ಸಾನೆಟ್‌ಗಳು. ಅವುಗಳಲ್ಲಿ ಒಂದು ಪಾಲು ಅವಳು ಸತ್ತ ಮೇಲಿನವು. ಪ್ಲೇಗಿನಲ್ಲಿ ಸತ್ತವಳನ್ನು ನೆನೆದು ಬರೆದದ್ದಕ್ಕೂ ಅದೇ ಟಿಣ್ ಟಿಣ್ ಹಿನ್ನೆಲೆ ಸಾಕೇ?

ತರುಣನ ವಿಷಯ ಮುಚ್ಚಿಡುವುದೂ ಹೊಸದಲ್ಲ. 1640ರಲ್ಲಿ ಜಾನ್ ಬೆನ್ಸನ್ ಷೇಕ್ಸ್‌ಪಿಯರನ ಸಾನೆಟ್‌ಗಳನ್ನು ಮತ್ತೆ ಅಚ್ಚು ಹಾಕಿದಾಗ, ಎರಡು ಮೂರು ಸಾನೆಟ್ ಸೇರಿಸಿ ಒಂದೇ ಪದ್ಯ ಮಾಡಿದ, ತಲೆಬರಹ ಕೊಟ್ಟ, ಕೆಲವು ಕಡೆ 'ಅವನು' ಇದ್ದದ್ದನ್ನು 'ಅವಳು' ಮಾಡಿದ. ನಾವು ಆ ಹುಡುಗಿಗೆ "ಪ್ರೇಯಸಿಗೆ" ಎಂದು ಉತ್ತರ ಕೊಟ್ಟಾಗ ಬೆನ್ಸನ್ನನ ಕೆಲಸವನ್ನೇ ಮಾಡಿದೆವು. ಹೇಳಬೇಕಾಗಿದ್ದದ್ದು ಇಷ್ಟೇ: "ಮಗೂ, ಒಬ್ಬ ಗೆಳೆಯನಿಗೆ ಎಂದು ತಿಳಿದವರು ಹೇಳುತ್ತಾರೆ. ಯಾರು ಎಂದು ಖಚಿತವಿಲ್ಲ. ಪ್ರೀತಿಗೆ ನಮ್ಮ ಸಿನಿಮಾದಲ್ಲಿ ಇರುವುದಕ್ಕಿಂತ ಹೆಚ್ಚು ಮುಖಗಳಿವೆ." ಹತ್ತು ಸೆಕೆಂಡಿನ ಮಾತು. ಧೈರ್ಯ ಸಾಲಲಿಲ್ಲ.

ಮತ್ತೆ ಹೆಂಗಸರೆಲ್ಲಿ? ಆ ಮೂರೂ ಧ್ವನಿಮುದ್ರಿಕೆಗಳಲ್ಲಿ ಹೆಣ್ಣು ಬರೆದ ಸಾನೆಟ್ ಒಂದೂ ಇಲ್ಲ. ತಮಾಷೆಯೆಂದರೆ, ಲ್ಯೂಟಿಗೂ ಸಾನೆಟ್ಟಿಗೂ ನಿಜವಾದ ನಂಟು ಇರುವುದು ಅವರಲ್ಲೇ! ಫ್ರಾನ್ಸಿನ ಲಿಯೋನ್ ಪಟ್ಟಣದ ಲೂಯೀಸ್ ಲಾಬೆ. ಹಗ್ಗ ಹೊಸೆಯುವವರ ಮನೆಯ ಮಗಳು, ಹಗ್ಗ ಹೊಸೆಯುವವನ ಹೆಂಡತಿ. 1555ರಲ್ಲಿ ಅಚ್ಚಾದ ಅವಳ ಪುಸ್ತಕದಲ್ಲಿ 24 ಸಾನೆಟ್‌ಗಳು. ಅವುಗಳಲ್ಲೊಂದರಲ್ಲಿ ಅವಳು ತನ್ನ ಲ್ಯೂಟನ್ನೇ ಕಷ್ಟದ ಸಂಗಾತಿ ಎಂದು ಕರೆದು ಮಾತಾಡಿಸುತ್ತಾಳೆ. ವೆನಿಸ್ಸಿನ ಗಾಸ್ಪರಾ ಸ್ಟಾಂಪಾ ಹಾಡುಗಾರಿಕೆಗೆ ಹೆಸರಾದವಳು. 1554ರಲ್ಲಿ ಅವಳು ತೀರಿಕೊಂಡ ವರ್ಷವೇ ಅವಳ ಕವಿತೆಗಳನ್ನು ಅಕ್ಕತಂಗಿಯ ಮಮತೆಯಿಂದ ಕಸ್ಸಾಂಡ್ರಾ ಅಚ್ಚು ಹಾಕಿಸಿದಳು. ಇಂಗ್ಲೆಂಡಿನ ಮೇರಿ ರಾತ್ 1621ರಲ್ಲಿ ಹೆಣ್ಣಿನ ಬಾಯಿಂದಲೇ ಹೇಳಿಸಿದ ಪ್ರೇಮ ಸಾನೆಟ್‌ಗಳ ಮಾಲೆ ಪ್ರಕಟಿಸಿದಳು. ಉದ್ದ ಕತ್ತಿನ ಲ್ಯೂಟ್ ಜಾತಿಯ ವಾದ್ಯ ಹಿಡಿದು ನಿಂತ ಅವಳ ಚಿತ್ರ ಇಂದಿಗೂ ಇದೆ. ಲ್ಯೂಟನ್ನು ನಿಜವಾಗಿ ಮಡಿಲಲ್ಲಿಟ್ಟುಕೊಂಡವರು ಹೊರಗೆ. ಲ್ಯೂಟಿನ ಹಂಗಿಲ್ಲದೆ ಬರೆದವನ ಪದ್ಯಕ್ಕೆ ಲ್ಯೂಟು! ಸಾನೆಟ್ಟಿನಲ್ಲಿ ಹೆಣ್ಣು ಎಂದರೆ ಹೊಗಳಿಸಿಕೊಳ್ಳುವವಳು ಮಾತ್ರ ಎಂದು ನಮ್ಮ ಹುಡುಗಿಯರು ತಿಳಿಯುವುದಾದರೆ ಅದರ ಪಾಪ ಯಾರಿಗೆ?

"ನಮ್ಮಲ್ಲೂ ಕಾವ್ಯವನ್ನು ರಾಗದಲ್ಲಿ ಓದುವುದಿಲ್ಲವೇ? ಗಮಕ ಏನು ಹಾಗಾದರೆ?" ಎಂದು ಒಬ್ಬರು ಹಿರಿಯ ಸಹೋದ್ಯೋಗಿ ಕೇಳಿದರು. ಒಳ್ಳೆಯ ಪ್ರಶ್ನೆ. ಗಮಕದಲ್ಲಿ ಗಮಕಿ ಕಾವ್ಯವನ್ನು ರಾಗದಲ್ಲಿ ವಾಚಿಸುತ್ತಾರೆ. ಪದ ಒಡೆಯುವುದು, ರಾಗ ಬದಲಿಸುವುದು ಎಲ್ಲ ಅರ್ಥಕ್ಕೆ ತಕ್ಕಂತೆ. ಬಳಿಕ ವಾಚನ ನಿಲ್ಲುತ್ತದೆ, ವ್ಯಾಖ್ಯಾನಕಾರರು ಮಾತಾಡುತ್ತಾರೆ. ತಾಳಮದ್ದಳೆಯನ್ನು ನೆನೆಸಿಕೊಳ್ಳಿ. ಭಾಗವತರ ಪದ್ಯ ಮುಗಿಯಬೇಕು, ಚೆಂಡೆ ಮದ್ದಳೆ ಸುಮ್ಮನಾಗಬೇಕು, ಆಮೇಲೆ ಅರ್ಥಧಾರಿ ಬಾಯಿ ತೆರೆಯುತ್ತಾರೆ. ಕರ್ಣ ಕೃಷ್ಣರ ಸಂವಾದ ಬಿಗಿಯಾಗಿ ಸಾಗುತ್ತಿರುವಾಗ ಯಾರಾದರೂ ಕೆಳಗಿಂದ ಮದ್ದಳೆ ಬಾರಿಸುತ್ತಾ ಕೂತರೆ ಸಭೆಯವರು ಬಿಟ್ಟಾರೆಯೇ? ವಾದ ಕೇಳಲಿಕ್ಕೆ ಮೌನ ಬೇಕೆಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಸಾನೆಟ್ ಕೂಡ ವಾದವೇ.

ಕನ್ನಡಕ್ಕೂ ಈ ರೂಪ ಬಂದು ಶತಮಾನವೇ ಆಗುತ್ತಾ ಬಂತು. ಸುನೀತ, ಅಷ್ಟಷಟ್ಪದಿ, ಚತುರ್ದಶಪದಿ ಎಂದು ಹೆಸರಿಟ್ಟು ಒಲಿಸಿಕೊಂಡಿದ್ದೇವೆ. ಮಾಸ್ತಿ, ಬೇಂದ್ರೆ, ಕುವೆಂಪು ಎಲ್ಲರೂ ಬರೆದರು. ಸುಗಮ ಸಂಗೀತದವರು ಈ ಕವಿಗಳ ಎಷ್ಟೊಂದು ಭಾವಗೀತೆಗಳನ್ನು ಹಾಡಿದ್ದಾರೆ! ಸುನೀತಗಳನ್ನು ಹಾಡಿದ್ದು ಮಾತ್ರ ಅಪರೂಪ. ಅಲ್ಲೂ ಅದೇ ಕಾರಣ, ಮರಳಿ ಬರಲಿಕ್ಕೆ ಪಲ್ಲವಿಯಿಲ್ಲ. ಅದು ಕೊರತೆಯಲ್ಲ, ಆ ರೂಪದ ಸ್ವಭಾವ.

"ಮಕ್ಕಳನ್ನು ಸೆಳೆಯಲಿಕ್ಕೆ ಏನಾದರೂ ಬೇಕಲ್ಲ?" ಎಂಬುದು ಕೊನೆಯ ಆಕ್ಷೇಪ. ಇದೇ ಅತ್ಯಂತ ಅಪಾಯದ್ದು ಎಂದು ನಮಗನಿಸುತ್ತದೆ. ಅರ್ಥವಾಗದ ಪದ್ಯದ ಮೇಲೆ ಇಂಪು ಸವರಿ ಕೊಟ್ಟರೆ, ಅರ್ಥವಾಗಲಿಲ್ಲ ಎಂಬುದೇ ಮಗುವಿಗೆ ಗೊತ್ತಾಗುವುದಿಲ್ಲ. ಪ್ರಶ್ನೆ ಹುಟ್ಟುವ ಮೊದಲೇ ಚಪ್ಪಾಳೆ ಬೀಳುತ್ತದೆ. ಇಂಗ್ಲಿಷ್ ಮಾಧ್ಯಮದವರ ಎದುರು ಕುಗ್ಗಿ ನಿಲ್ಲುವ ನಮ್ಮ ಮಕ್ಕಳಿಗೆ ಬೇಕಾದದ್ದು ಇಂಪಲ್ಲ. "ಈ ಪದ್ಯ ನನಗೆ ಅರ್ಥವಾಯಿತು, ಇದರ ವಾದ ಇಲ್ಲಿ ಮುರಿಯುತ್ತದೆ ನೋಡಿ" ಎಂದು ಬೆರಳಿಟ್ಟು ತೋರಿಸುವ ಶಕ್ತಿ.

ಈ ವರ್ಷ ಬೇರೆ ರೀತಿ ಮಾಡಿದೆವು. ಮೊದಲು ಡೌಲೆಂಡನ ಒಂದು ಪವಾನ್ ಪೂರ್ತಿ ಕೇಳಿಸಿದೆವು, ಯಾರೂ ಮಾತಾಡದೆ. ಒಬ್ಬ "ವೀಣೆಯ ಹಾಗೆ, ಆದರೆ ಬೇಗ ಸಾಯುತ್ತದೆ" ಎಂದ. ಸರಿಯಾಗಿ ಕೇಳಿದ್ದ! ಆಮೇಲೆ ಯಂತ್ರ ಬಂದ್. ಅದೇ 18ನೆಯ ಸಾನೆಟ್ಟನ್ನು ನಮ್ಮ ಒರಟು ದನಿಯಲ್ಲೇ ಎರಡು ಸಲ ಓದಿದೆವು. ಕನ್ನಡದಲ್ಲಿ ಸಾಲು ಸಾಲಾಗಿ ಅರ್ಥ ಹೇಳಿದೆವು. ಮೂರನೇ ಸಲ ಮಕ್ಕಳೇ ಓದಿದರು. ವಾದ ಎಲ್ಲಿ ತಿರುಗುತ್ತದೋ ಅಲ್ಲಿ ಎದ್ದು ನಿಲ್ಲಿ ಎಂದಿದ್ದೆವು. ಎಂಟು ಸಾಲು ಮುಗಿದು, 'ಆದರೆ' ಎಂಬ ಮಾತಿನಿಂದ ಒಂಬತ್ತನೆಯದು ಶುರುವಾದ ಕೂಡಲೇ ಇಡೀ ತರಗತಿ ದಡಬಡ ಎದ್ದಿತು. ಬೆಂಚುಗಳ ಸದ್ದಿಗೆ ಪಕ್ಕದ ಕೋಣೆಯ ಮಾಸ್ಟ್ರು ಓಡಿ ಬಂದರು!

ಹೋದ ವರ್ಷ ಪ್ರಶ್ನೆ ಕೇಳಿದ ಹುಡುಗಿ ಈಗ ಶಾಲೆ ಮುಗಿಸಿ ಹೋಗಿದ್ದಾಳೆ. ಅವಳು ಊರ ಜಾತ್ರೆಯಲ್ಲಿ ಸಿಕ್ಕಾಗ ಕರೆದು ಹೇಳಿದೆವು: "ಅಂದು ನಾವು ಹೇಳಿದ್ದು ತಪ್ಪು ಮಗೂ, ಆ ಪದ್ಯ ಪ್ರೇಯಸಿಗೆ ಅಲ್ಲ ಅಂತ ಓದಿದವರು ಹೇಳುತ್ತಾರೆ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನನಗೆ ಅಂದೇ ಸಂಶಯ ಬಂದಿತ್ತು ಟೀಚರ್. ಆದ್ರೆ ಮ್ಯೂಸಿಕ್ ಜೋರಿತ್ತು, ಸರಿಯಾಗಿ ಕೇಳಲಿಲ್ಲ."

ನಮ್ಮ ಇಷ್ಟುದ್ದದ ವಾದವನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಶಿಕ್ಷಕ ಬಂಧುಗಳೇ, ನಿಮ್ಮ ಶಾಲೆಯಲ್ಲೂ ಇಂಥ ಧ್ವನಿಮುದ್ರಿಕೆ ಇದ್ದರೆ ಬಿಸಾಡಬೇಕೆಂದಿಲ್ಲ. ಲ್ಯೂಟ್ ಕೇಳಿಸಿ, ಚೆನ್ನಾಗಿದೆ. ಸಾನೆಟ್ ಓದಿ, ಅದೂ ಚೆನ್ನಾಗಿದೆ. ಎರಡರ ನಡುವೆ ಒಂದು ನಿಮಿಷ ಮೌನ ಇಡಿ. ಮಕ್ಕಳು ಪ್ರಶ್ನೆ ಕೇಳುವುದು ಆ ಒಂದು ನಿಮಿಷದಲ್ಲಿ.